ಕಾಕಾನ ಮುಷ್ಟಿ, ನನ್ನ ಎರಡು ಹಾಳೆ

ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಬಾಯ್ತುಂಬ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಮೂಗಿಗೆ ಮಳೆಗಾಲವೆಂದರೆ ಸುಟ್ಟ ಉಸುಕು, ಕಲ್ಲಿದ್ದಲ ಪುಡಿ, ಹುಳಿ ಬಂದ ಕಾಕವಿ. ಹೋದ ತಿಂಗಳು ಬೆಳಗಾವಿ ಹತ್ತಿರದ ಮಚ್ಛೆಗೆ ಹೋಗಿದ್ದೆ. ಎಲ್ಲೋ ಸಿಕ್ಕಿಕೊಂಡ ಪಾರ್ಸಲ್ಲೊಂದನ್ನು ವಿಚಾರಿಸಲು ಗೋದಾಮಿಗೇ ಬನ್ನಿ ಎಂದಿದ್ದರು. ವಿಳಾಸ ಹಿಡಿದು ಹೋಗಿ ನಿಂತರೆ ನಮ್ಮದೇ ಹಳೆಯ ಫೌಂಡ್ರಿಯ ಶೆಡ್ಡು! ತಗಡು ಬದಲಾಗಿದೆ, ಗೋಡೆಗೆ ನೀಲಿ ಬಣ್ಣ ಬಳಿದಿದ್ದಾರೆ, ಭಟ್ಟಿ ಇದ್ದ ಜಾಗದಲ್ಲಿ ರಟ್ಟಿನ ಡಬ್ಬಿಗಳ ರಾಶಿ. ಜಿಟಿಜಿಟಿ ಮಳೆ. ಬಾಗಿಲ ಬದಿಯ ಕಾಂಕ್ರೀಟು ಒಡೆದ ಕಡೆ ಹಳೆಯ ಕರಿ ಉಸುಕು ಹಸಿಯಾಗಿ ಮೇಲೆದ್ದಿತ್ತು. ಆ ವಾಸನೆ ಬಡಿದದ್ದೇ ತಡ, ಪಾರ್ಸಲ್ಲಿನ ನಂಬರು ಕೇಳುತ್ತಿದ್ದವನನ್ನು ಅಲ್ಲೇ ಬಿಟ್ಟು ಆ ಉಸುಕಿನ ಮುಂದೆ ಕುಕ್ಕರಿಸಿ ಕೂತೆ. "ಏನ್ರೀ ಮೇಡಂ, ಆರಾಮ ಅದೀರಿಲ್ಲೋ?" ಎಂದ. ಆರಾಮ ಇಲ್ಲದೆ ನನಗೇನು ಧಾಡಿ? ಆಗಬಾರದ್ದೆಲ್ಲ ಬೇರೆಯವರಿಗೆ ಆಯಿತು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕಾಲೇಜು ಕಾಲೇಜಿಗೆ ಅರ್ಜಿ ಹಾಕಿ ಚಪ್ಪಲಿ ಸವೆದ ಮೇಲೆ ಸಿಕ್ಕ ಕೆಲಸವದು, ಫೌಂಡ್ರಿಯಲ್ಲಿ ಕ್ವಾಲಿಟಿ ಕ್ಲಾರ್ಕ್. ಎರಕದ ಮಾಲು ತಣಿದ ಮೇಲೆ ತಿರುವಿ ನೋಡಿ, ಸರಿ ಇದ್ದದ್ದಕ್ಕೆ ಬಿಳಿ ಗೀಟು, ತೂತು ಬಿದ್ದದ್ದಕ್ಕೆ ಕೆಂಪು ಗೀಟು ಎಳೆಯುವುದು. ಮಿಕ್ಕ ಹೊತ್ತಿನಲ್ಲಿ ಕಾಗದಪತ್ರ. ನಮ್ಮ ಮನೆ ಖಾನಾಪುರದಲ್ಲಿ. ಬೆಳಗಿನ ಬಸ್ಸು ಹಿಡಿದು ದೇಸೂರು ದಾಟಿ ಮಚ್ಛೆಯಲ್ಲಿ ಇಳಿಯುತ್ತಿದ್ದೆ. ಶೆಡ್ಡಿನಲ್ಲಿ ಇಪ್ಪತ್ತೆರಡು ಗಂಡಸರು, ಹೆಣ್ಣುಮಗಳು ನಾನೊಬ್ಬಳೇ. ಮೊದಲ ವಾರ ನನ್ನನ್ನು ಕಂಡು ಅವರು ಬೈಗುಳ ನುಂಗಿಕೊಳ್ಳುತ್ತಿದ್ದರು. ಎರಡನೆಯ ವಾರ ನಾನೇ ಎರಡು ಬೈದು ಅವರ ಸಂಕೋಚ ಬಿಡಿಸಿದೆ.

ಆ ಇಪ್ಪತ್ತೆರಡು ಜನರಲ್ಲಿ ಹಿರಿಯರು ನಾಗೋಜಿ ಕಾಕಾ. ಜಾಂಬೋಟಿ ಕಡೆಯ ಹಳ್ಳಿಯವರು, ಮನೆಮಾತು ಮರಾಠಿ, ಶೆಡ್ಡಿನಲ್ಲಿ ಕನ್ನಡ. ಓದು ಬರಹ ಬಾರದು. ಉಸುಕಿನಲ್ಲಿ ಅಚ್ಚು ಕಟ್ಟುವುದು ಅವರ ಕೆಲಸ. ಕಬ್ಬಿಣದ ಚೌಕಟ್ಟಿನೊಳಗೆ ಮರದ ಪ್ಯಾಟರ್ನ್ ಇಟ್ಟು, ಸುತ್ತ ಕಲ್ಲಿದ್ದಲ ಪುಡಿ, ಕಾಕವಿ ಕಲಸಿದ ಹಸಿ ಉಸುಕು ಬಡಿದು ಗಟ್ಟಿ ಮಾಡಿ, ಪ್ಯಾಟರ್ನ್ ಎತ್ತಿ ತೆಗೆದರೆ ಅದರ ಆಕಾರದ ಪೊಳ್ಳು ಉಳಿಯುತ್ತದೆ. ಅದರೊಳಗೆ ಕರಗಿದ ಕಬ್ಬಿಣದ ರಸ ಹೊಯ್ಯಬೇಕು. ಕೇಳಲು ಇಷ್ಟೇ. ಆದರೆ ಉಸುಕಿನಲ್ಲಿ ನೀರು ಒಂದು ಹನಿ ಹೆಚ್ಚಾದರೆ ರಸ ಬಿದ್ದೊಡನೆ ಉಗಿಯಾಗಿ ಮಾಲಿನ ಹೊಟ್ಟೆಯಲ್ಲಿ ಗುಳ್ಳೆ ಏಳುತ್ತದೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯೇ ನೀರು. ಜೂನ್ ಬಂತೆಂದರೆ ಸುತ್ತಲಿನ ಫೌಂಡ್ರಿಗಳಲ್ಲೆಲ್ಲ ಕೆಂಪು ಗೀಟು. ನಮ್ಮಲ್ಲಿ ಮಾತ್ರ ಬಿಳಿ. ಕಾಕಾ ಬೆಳಿಗ್ಗೆ ಬಂದವರೇ ರಾಶಿಯಿಂದ ಒಂದು ಹಿಡಿ ಉಸುಕು ತೆಗೆದು ಮುಷ್ಟಿ ಬಿಗಿಯುತ್ತಿದ್ದರು, ಬಿಡಿಸಿ ಬೆರಳಿನ ಗುರುತು ನೋಡುತ್ತಿದ್ದರು, ಆ ಮುದ್ದೆಯನ್ನು ನಡುವೆ ಮುರಿಯುತ್ತಿದ್ದರು. ಮುರಿದ ಅಂಚು ನೋಡಿ "ಆತು" ಎನ್ನುತ್ತಿದ್ದರು, ಇಲ್ಲವೇ "ಇನ್ನೂ ಎರಡ ಬುಟ್ಟಿ ಸುಟ್ಟ ಉಸುಕ ಹಾಕ್ರಿ" ಎನ್ನುತ್ತಿದ್ದರು. ಅವರು ಆತು ಎಂದ ಮೇಲೆ ಮಾಲಕರೂ ಎದುರು ಮಾತಾಡುತ್ತಿರಲಿಲ್ಲ.

ಈ ವಿದ್ಯೆಯನ್ನು ಯಾರಿಗೂ ಹೇಳಿಕೊಡುವ ಪದ್ಧತಿ ಇರಲಿಲ್ಲ. ಕೇಳಿದವನಿಗೆ ಹೇಳಬಾರದು, ನೋಡುವವನಿಂದ ಮುಚ್ಚಿಡಬಾರದು ಎಂಬುದು ಅಚ್ಚು ಕಟ್ಟುವವರ ಕಟ್ಟಳೆ. ಹತ್ತು ವರ್ಷ ಬಾಜುವಿನಲ್ಲಿ ನಿಂತು ಕಣ್ಣಿಂದ ಕದಿಯಬೇಕು. ಕಾಕಾ ಹಾಗೆಯೇ ಕಲಿತಿದ್ದರು, ಅವರ ಕೈಕೆಳಗೆ ಇಬ್ಬರು ಹಾಗೆಯೇ ಕಲಿಯುತ್ತಿದ್ದರು. ಆಗ ನನಗಿದು ಶುದ್ಧ ಹಳೇ ಕಾಲದ ಹಟ ಎನಿಸಿತ್ತು. ಬುದ್ಧಿವಂತಳಲ್ಲವೇ ನಾನು!

ಬುದ್ಧಿ ಬರುತ್ತಿದ್ದದ್ದು ಭಾನುವಾರ. ಖಾನಾಪುರದ ಸ್ಟೇಶನ್ ಹತ್ತಿರ ಸುಮತಿ ಮೇಡಂ ಅವರ ಮನೆ. ಅರ್ಥಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ, ಒಬ್ಬರೇ ಇರುತ್ತಿದ್ದರು. ಮಧ್ಯಾಹ್ನ ನಾವು ಐದಾರು ಜನ ಸೇರುತ್ತಿದ್ದೆವು. ದೊಡ್ಡ ಕಂಪನಿಗಳ ಕಾಲದ ಬಂಡವಾಳಶಾಹಿಯ ಮೇಲೆ ಯಾರೋ ಬರೆದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಅವರು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಬಿಡಿಸುತ್ತಿದ್ದರು. ಮುಖ ಸಪ್ಪಗಾದವರಿಗೆ ಮರಾಠಿಯಲ್ಲಿ ಇನ್ನೊಮ್ಮೆ. ಜೈನರು, ಚಾತುರ್ಮಾಸದಲ್ಲಿ ವ್ರತ ಬಿಗಿ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ನಮಗೂ ಬಡಿಸಿಯೇ ಕಳಿಸುತ್ತಿದ್ದರು. ಹಾಗಾಗಿ ಎಂಥ ದೊಡ್ಡ ಸಿದ್ಧಾಂತವಿದ್ದರೂ ಐದೂವರೆಗೆ ತಾಟಿನ ಮುಂದೆ ನಿಲ್ಲುತ್ತಿತ್ತು.

"ಕಾಯಿಪಲ್ಲೆ ಮಾರೂ ಮುದುಕಿನ್ನ ನೋಡ್ರಿ" ಎಂದು ಅವರು ಶುರು ಮಾಡಿದ್ದು ನನಗಿನ್ನೂ ಕಿವಿಯಲ್ಲಿದೆ. "ಬಾಜು ಕುಂತಾಕಿ ಎಷ್ಟಕ್ಕ ಕೊಡತಾಳ ನೋಡಿ ತನ್ನ ರೇಟ ಹೇಳತಾಳ. ಅಕಿಗೆ ಪ್ಯಾಟಿ ಅನ್ನೂದು ಖರೇ. ದೊಡ್ಡ ಕಂಪನಿಗೆ ಎಲ್ಲಿ ಪ್ಯಾಟಿ? ಐದ ವರ್ಷ ಬಿಟ್ಟು ಏನ ಮಾರಬೇಕು, ಎಷ್ಟಕ್ಕ ಮಾರಬೇಕು, ಯಾರ ಕಡೆ ಮಾಡಿಸ್ಕೋಬೇಕು, ಎಲ್ಲಾ ಒಳಗಿಂದೊಳಗ ಠರಾವ ಆಗಿರತೈತಿ. ದೊಡ್ಡವರಿಗೆ ಯೋಜನೆ, ಸಣ್ಣವರಿಗೆ ಸ್ಪರ್ಧೆ. ಸ್ಪರ್ಧೆ ಅಂದ್ರ ಏನು? ಸಣ್ಣವರು ತಮ್ಮತಮ್ಮೊಳಗ ಬಡದಾಡೂದು, ದೊಡ್ಡವರು ಕುಂತ ನೋಡೂದು."

ನಾನು ತಲೆದೂಗುತ್ತಿದ್ದೆ. ನಮ್ಮ ಫೌಂಡ್ರಿಯೂ ಒಂದು ದೊಡ್ಡ ಪಂಪ್ ಕಂಪನಿಗೆ ಮಾಲು ಮಾಡಿಕೊಡುತ್ತಿತ್ತು. ಅವರಿಗೆ ಇಂಥ ಮೂರು ನಾಲ್ಕು ಫೌಂಡ್ರಿಗಳು. ಪ್ಯಾಟರ್ನ್‌ಗಳು ಕಂಪನಿಯವೇ, ಇಟ್ಟುಕೊಂಡಿರುವುದು ನಾವು. ಬೇಕೆಂದಾಗ ಲಾರಿ ತಂದು ಒಯ್ಯಬಹುದು. ಒಯ್ಯದಿದ್ದದ್ದಕ್ಕೆ ಕಾರಣ ಒಂದೇ, ಮಳೆಗಾಲದಲ್ಲಿ ಆ ಪ್ಯಾಟರ್ನಿನಿಂದ ತೂತಿಲ್ಲದ ಮಾಲು ತೆಗೆಯುವ ಕೈ ಬೇರೆಲ್ಲೂ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಆಮೇಲೆ ನನಗೆ ಯಾರೂ ಕನಿಕರ ತೋರಿಸುವುದು ಬೇಡ.

ಆಷಾಢದಲ್ಲಿ ಕಂಪನಿಯ ಸಾಹೇಬರು ಬಂದರು. ಬೆಂಗಳೂರಿನ ಕಡೆಯವರು, ಬಹಳ ಸಭ್ಯರು, ಕಾಕಾನನ್ನೂ ಸರ್ ಎಂದೇ ಮಾತಾಡಿಸಿದರು. ಮುಷ್ಟಿ ಬಿಗಿಯುವುದನ್ನು ಮೂರು ಸಲ ಮಾಡಿಸಿ ನೋಡಿದರು. ಆಮೇಲೆ ಆಫೀಸಿನಲ್ಲಿ ಚಹಾ ಕುಡಿಯುತ್ತ, "ನಿಮ್ಮಲ್ಲಿ ಎಲ್ಲಾ ಬಾಯಿಮಾತಲ್ಲೇ ನಡೀತಿದೆ ಸರ್. ನಾಳೆ ಆ ಯಜಮಾನರಿಗೆ ಜ್ವರ ಬಂದ್ರೆ ಏನ್ ಮಾಡ್ತೀರಾ? ಕಾಗದದ ಮೇಲೆ ಇಲ್ಲದ ಕೆಲಸಕ್ಕೆ ಮುಂದಿನ ಮೂರು ವರ್ಷದ ಆರ್ಡರ್ ಕೊಡೋಕೆ ನಮ್ಮಲ್ಲಿ ಒಪ್ಪೋದಿಲ್ಲ" ಎಂದರು. ಮಹಾಂತೇಶ ಮಾಲಕರು ಹಣೆಯ ವಿಭೂತಿ ಬೆವರಿಗೆ ಕರಗುವಷ್ಟು ಬೆವತರು. ಅವರಪ್ಪ ಕಟ್ಟಿದ ಶೆಡ್ಡು, ಆ ಆರ್ಡರಿನ ಮೇಲೇ ನಿಂತಿತ್ತು. ಸಾಹೇಬರ ಕೈಗೆ ಕುಂದಾದ ಪೊಟ್ಟಣ ಕೊಟ್ಟು ಕಾರಿನವರೆಗೆ ಕಳಿಸಿ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸುಜಾತವ್ವಾ, ನೀ ಓದಿದಾಕಿ. ಬರದ ಕೊಡು. ಇಲ್ಲಾಂದ್ರ ಇಷ್ಟೂ ಮಂದಿ ಮನಿಗೆ ಹೋಗಬೇಕಾಗತೈತಿ."

ಖರೇ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಅಷ್ಟು ವರ್ಷ ಓದಿದ್ದು ಗೀಟು ಎಳೆಯುವುದಕ್ಕಲ್ಲ ಎಂದು ಮೊದಲ ಸಲ ಅನ್ನಿಸಿತು. ಕಾಕಾನ ಹತ್ತಿರ ಹೋದೆ. ಅವರು ಮರದ ಮಣೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

"ಬರದ ಏನ ಮಾಡತಿ ಪೋರಿ? ಇದು ಬರಿಯೂದಲ್ಲ."

"ಬರದ್ರ ಆರ್ಡರ್ ಉಳೀತದರಿ ಕಾಕಾ. ಶೆಡ್ ಉಳೀತದ."

"ನಮ್ಮ ವಸ್ತಾದ ನನಗ ಒಂದ ಮಾತ ಹೇಳಿಕೊಟ್ಟಿಲ್ಲ. ಕೇಳಿದ್ರ ಕೈ ಮ್ಯಾಲೆ ಬಡೀತಿದ್ದ."

"ನಾ ಏನ ನಿಮ್ಮ ಕೆಲಸ ಕಸಗೋತೀನೇನ್ರಿ? ನನ್ನ ಕೈಲೆ ಒಂದ ಬುಟ್ಟಿ ಉಸುಕ ಎತ್ತಾಕ ಆಗೂದಿಲ್ಲ."

ಕಾಕಾ ನಕ್ಕುಬಿಟ್ಟರು. "ಅದೂ ಖರೇನ. ಬಾ ಹಂಗಾರ. ನಿನ್ನ ನಂಬಿ ಹೇಳತೀನಿ, ಮತ್ತ" ಎಂದರು.

ಜುಲೈ, ಆಗಸ್ಟ್ ಎರಡು ತಿಂಗಳು ಇದೇ ಕೆಲಸ. ಆ ವರ್ಷದ ಮಳೆ ಹೇಳತೀರದು. ಖಾನಾಪುರದಲ್ಲಿ ಮಲಪ್ರಭೆ ಘಾಟಿನ ಮೆಟ್ಟಿಲು ನುಂಗಿ ಕೂತಿದ್ದಳು. ಬಸ್ಸಿನೊಳಗೆ ಕೊಡೆ ಬಿಚ್ಚಿ ಕೂರುತ್ತಿದ್ದೆವು. ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಕಾಕಾನ ಮಾತು ಕೇಳಿಸದೆ ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಗುತ್ತಿತ್ತು. ಅವರು ಮುಷ್ಟಿ ಬಿಗಿದು ಆತು ಎಂದೊಡನೆ ಅದೇ ಮುದ್ದೆಯನ್ನು ನಾನು ಇಸಿದುಕೊಂಡು ತೇವ ಅಳೆಯುವ ಡಬ್ಬಿಗೆ ಹಾಕುತ್ತಿದ್ದೆ. ಮಾಲಕರು ಅದಕ್ಕೆಂದೇ ತರಿಸಿದ ಡಬ್ಬಿ. ಉಸುಕಿನ ಜೊತೆ ಕಾರ್ಬೈಡ್ ಪುಡಿ ಹಾಕಿ ಅಲುಗಾಡಿಸಿದರೆ ಮುಳ್ಳು ತಿರುಗಿ ಅಂಕಿ ತೋರಿಸುತ್ತದೆ. ದಿನವೂ ಅಂಕಿ ಬರೆದೆ. ಅಚ್ಚನ್ನು ಹೆಬ್ಬೆರಳಿನಿಂದ ಒತ್ತಿ ಗಟ್ಟಿ ನೋಡುವುದಕ್ಕೂ ಒಂದು ಅಂಕಿ ಹುಡುಕಿದೆ. ಜಡಿಮಳೆ ಹಿಡಿದ ದಿನ ಅಚ್ಚು ಮುಚ್ಚಿದ ಮೇಲೆ ಎಷ್ಟು ನಿಮಿಷದೊಳಗೆ ರಸ ಹೊಯ್ಯಬೇಕೆಂದು ಗಡಿಯಾರ ಹಿಡಿದು ನಿಂತೆ. ಗಾಳಿ ಹೋಗಲು ಸೂಜಿಯಿಂದ ಚುಚ್ಚುವ ತೂತುಗಳನ್ನು ಎಣಿಸಿದೆ. ಕಾಕಾ ಎಣಿಸಿಯೇ ಇರಲಿಲ್ಲ. "ಇಷ್ಟ ತೂತ ಹೊಡಿತೀನೇನ ನಾ?" ಎಂದು ಅವರಿಗೇ ಆಶ್ಚರ್ಯ. ನನ್ನ ಅಂಕಿ ಅವರ ಮಾತಿಗೆ ಸರಿಹೊಂದಿದಾಗ ಹುಡುಗರನ್ನು ಕರೆದು ತೋರಿಸುತ್ತಿದ್ದರು, "ನೋಡ್ರಿಲೇ, ನಮ್ಮ ಪೋರಿ ಮಶೀನ ನನ್ನ ಕೈಗಿಂತ ಬರೋಬ್ಬರಿ ಐತಿ" ಎಂದು ಮೆರೆಸುತ್ತಿದ್ದರು. ಆ ಎರಡು ತಿಂಗಳು ನಾನು ಬಹಳ ಸಂತೋಷವಾಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಇನ್ನೂ ಹೆಚ್ಚಿನ ನಾಚಿಕೆಯದ್ದು ಬೇರೆ ಇದೆ. ಶ್ರಾವಣದ ಒಂದು ಭಾನುವಾರ ಪುಸ್ತಕದ ಒಂದು ಅಧ್ಯಾಯವನ್ನು ನೀನೇ ಹೇಳು ಎಂದು ಸುಮತಿ ಮೇಡಂ ನನಗೆ ವಹಿಸಿದ್ದರು. ದೊಡ್ಡ ಬಂಡವಾಳವು ಕೆಲಸಗಾರನ ಕೈಯೊಳಗಿನ ತಿಳಿವಳಿಕೆಯನ್ನು ಮೊದಲು ಹೊರತೆಗೆದು ಆಫೀಸಿಗೆ ಒಯ್ಯುತ್ತದೆ, ತಿಳಿವಳಿಕೆ ಹೋದ ಕೈ ಅಗ್ಗವಾಗುತ್ತದೆ, ಅಗ್ಗವಾದ ಕೈಯನ್ನು ಯಾವಾಗ ಬೇಕಾದರೂ ಬದಲಿಸಬಹುದು ಎಂಬುದೇ ಆ ಅಧ್ಯಾಯ. ನಾನು ವಡಗಾವಿಯ ನೇಕಾರರ ಉದಾಹರಣೆ ಕೊಟ್ಟೆ, ಎಲ್ಲೆಲ್ಲಿಯದೋ ಮೋಟಾರು ಕಾರ್ಖಾನೆಯ ಉದಾಹರಣೆ ಕೊಟ್ಟೆ. ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ನನ್ನ ತಾಟಿಗೆ ಒಂದು ಹೋಳಿಗೆ ಹೆಚ್ಚು ಹಾಕಿದರು. ಮರುದಿನ ಸೋಮವಾರ ಬಸ್ಸಿಳಿದು ನೇರ ಹೋಗಿ ಕಾಕಾನ ಮುಷ್ಟಿಯಿಂದ ಉಸುಕಿನ ಮುದ್ದೆ ಇಸಿದುಕೊಂಡು ಡಬ್ಬಿಗೆ ಹಾಕಿದೆ. ಭಾನುವಾರಕ್ಕೂ ಸೋಮವಾರಕ್ಕೂ ನಂಟಿದೆಯೆಂದು ನನಗೆ ಹೊಳೆಯಲೇ ಇಲ್ಲ. ಬಂಡವಾಳ ಎಂದರೆ ಎಲ್ಲೋ ದೂರದ ಎತ್ತರದ ಕಟ್ಟಡದಲ್ಲಿ ಕೂತಿರುತ್ತದೆ ಎಂದುಕೊಂಡಿದ್ದೆ; ಕೈಯಲ್ಲಿ ಪೆನ್ನು ಹಿಡಿದ ಖಾನಾಪುರದ ಹುಡುಗಿಯಾಗಿ ಬರುತ್ತದೆ ಎಂದು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಹಾಳೆ ಸಿದ್ಧವಾಯಿತು. ಎರಡೇ ಹಾಳೆ, ಅಂದವಾಗಿ, ಕನ್ನಡದಲ್ಲಿ ಒಂದು ಪ್ರತಿ, ಇಂಗ್ಲಿಷಿನಲ್ಲಿ ಒಂದು. ಸಾಹೇಬರು ಓದಿ ನನ್ನ ಕೈ ಕುಲುಕಿದರು. "ನೀವು ಇಲ್ಲಿರಬೇಕಾದವರಲ್ಲ ಮೇಡಂ" ಎಂದರು. ಆರ್ಡರಿನ ಕಾಗದ ಬರುತ್ತದೆ ಎಂದು ಕಾದೆವು. ಬಂದದ್ದು ಬೇರೆ ಕಾಗದ. ಕಂಪನಿ ತನ್ನದೇ ಹೊಸ ಫೌಂಡ್ರಿ ಕಟ್ಟಿಸಿದೆ, ಉಸುಕು ಬಡಿಯುವುದು ಇನ್ನು ಯಂತ್ರ, ಪ್ಯಾಟರ್ನ್‌ಗಳನ್ನು ಒಯ್ಯಲು ಲಾರಿ ಕಳಿಸುತ್ತೇವೆ. ನಮ್ಮ ಸಹಕಾರಕ್ಕೆ ಕೃತಜ್ಞತೆಯನ್ನೂ ಸಲ್ಲಿಸಿದ್ದರು. ಅದು ಹೊಸದಾಗಿ ಹುಟ್ಟಿದ ಯೋಚನೆಯಾಗಿರಲಿಲ್ಲ, ಕಟ್ಟಡ ಎದ್ದು ವರ್ಷವಾಗಿತ್ತಂತೆ. ಅವರಿಗೆ ಬೇಕಾಗಿದ್ದದ್ದು ನಮ್ಮ ಮಳೆಗಾಲವೊಂದೇ.

ಲಾರಿ ಬಂದದ್ದು ಖಂಡೇನವಮಿಯ ದಿನ. ಮಾಲಕರು ಫೋನಿನಲ್ಲಿ ಕೈಮುಗಿದಂತೆ ಬೇಡಿಕೊಂಡು ಪೂಜೆ ಮುಗಿಯುವವರೆಗೆ ತಡೆದಿದ್ದರು. ಸಲಿಕೆ, ಬಡಿಗೆ, ಸೂಜಿಗಳ ಜೊತೆ ಪ್ಯಾಟರ್ನ್‌ಗಳಿಗೂ ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದ್ದೆವು. ಆ ದಿನ ಪೂಜೆಗಿಟ್ಟ ಸಾಮಾನನ್ನು ಯಾರೂ ಮುಟ್ಟುವುದಿಲ್ಲ, ಅವಕ್ಕೂ ಒಂದು ದಿನ ವಿಶ್ರಾಂತಿ. ಲಾರಿ ಬಾಗಿಲಿಗೆ ಹತ್ತಿದಾಗ ಇಪ್ಪತ್ತೆರಡು ಜನರೂ ಕೈಕಟ್ಟಿ ನಿಂತರು, ಒಬ್ಬನೂ ಹೆಗಲು ಕೊಡಲಿಲ್ಲ. ಡ್ರೈವರ್ ಮತ್ತು ಕ್ಲೀನರ್ ಹೂವು ಸಮೇತ ಎತ್ತಿ ಎತ್ತಿ ಒಗೆಯತೊಡಗಿದರು. ಎರಡನೆಯದು ಬಿದ್ದ ಸದ್ದಿಗೆ ಕಾಕಾ ಮುಂದೆ ಬಂದರು.

"ಏ, ಹಂಗ ಒಗೀಬ್ಯಾಡ್ರೋ! ಮೂಲಿ ಮುರದ್ರ ಅಚ್ಚ ಹರೀತೈತಿ" ಎಂದವರೇ ಲಾರಿ ಹತ್ತಿ, ಗೋಣಿ ತಟ್ಟು ಹಾಸಿ, ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಅಷ್ಟೂ ಪ್ಯಾಟರ್ನ್‌ಗಳನ್ನು ತಾವೇ ಜೋಡಿಸಿದರು. ಯಾರೂ ಅವರನ್ನು ತಡೆಯಲಿಲ್ಲ. ಮಾಲಕರು ಒಳಗೆ ಹೋಗಿ ಅತ್ತರು. ಲಾರಿ ಹೋದ ಮೇಲೆ ಕಾಕಾ ನನ್ನ ಕಡೆ ನೋಡಿ, "ಹೋಗಲಿ ಬಿಡ ಪೋರಿ, ನಿನ್ನ ತಪ್ಪೇನೈತಿ" ಎಂದರು. ಆ ಮಾತು ಆಡುವ ಬದಲು ನಾಲ್ಕು ಬಾರಿಸಿದ್ದರೆ ಬದುಕುತ್ತಿದ್ದೆ.

ದೀಪಾವಳಿಗೆ ಮುಂಚೆ ಭಟ್ಟಿ ಆರಿತು. ಹುಡುಗರು ಅಲ್ಲಲ್ಲಿ ಚದುರಿದರು. ಕಾಕಾ ಊರಿಗೆ ಹೋದರು ಎಂದು ಕೇಳಿದೆ. ನಾನು ಮನೆಯಲ್ಲೇ ಇದ್ದೆ, ಸುಮತಿ ಮೇಡಂ ಅವರಿಗೆ ಆರ್ಡರ್ ಕೈತಪ್ಪಿತು ಎಂದಷ್ಟೇ ಹೇಳಿದ್ದೆ, ಹಾಳೆಯ ಸುದ್ದಿ ಎತ್ತಿರಲಿಲ್ಲ. ಭತ್ತದ ಕೊಯ್ಲು ಮುಗಿಯುತ್ತ ಬಂದಿದ್ದ ಒಂದು ಭಾನುವಾರ, ನಾವು ಪುಸ್ತಕ ತೆರೆದು ಕೂತಿದ್ದಾಗ ಕಾಕಾ ಬಾಗಿಲಲ್ಲಿ ಬಂದು ನಿಂತರು. ನಮ್ಮ ಮನೆಗೆ ಹೋಗಿ, ಅವ್ವ ಹೇಳಿದ ದಾರಿ ಹಿಡಿದು ಬಂದಿದ್ದರು. ಮೈ ಇಳಿದುಹೋಗಿತ್ತು. ಅಂಗಿಯ ಕಿಸೆಯಿಂದ ಮಡಚಿದ ಎರಡು ಹಾಳೆ ತೆಗೆದರು.

"ಹೊಸಾ ಕಂಪನ್ಯಾಗ ಕೆಲಸ ಕೇಳಾಕ ಹೋಗಿದ್ದೆ ಪೋರಿ. ಗುತ್ತೇದಾರನ ಕೈಕೆಳಗ, ಮಶೀನಿಗೆ ಉಸುಕ ತುಂಬೂ ಕೆಲಸ. ಅದಕ್ಕೂ ಪರೀಕ್ಷಾ ಅಂತ. ಉಸುಕಿನ್ಯಾಗ ನೀರ ಎಷ್ಟಿರಬೇಕ ಅಂತ ಕೇಳಿದ್ರು. ಕೊಡ್ರಿ, ಮುಷ್ಟಿ ಹಿಡದ ಹೇಳತೀನಿ ಅಂದೆ. ನಕ್ಕರು. ಹಾಳ್ಯಾಗ ಇದ್ದಂಗ ಬಾಯಿಲೆ ಹೇಳಬೇಕಂತ. ಇದನ್ನ ಕೊಟ್ಟ ಕಳಸ್ಯಾರ. ನಾಳಿಗೆ ಇನ್ನೊಂದ ಸಲ ಕರದಾರ. ಓದಿ ಹೇಳು, ಬಾಯಿಪಾಠ ಮಾಡತೀನಿ."

ಬಿಡಿಸಿ ನೋಡಿದೆ. ಮೇಲೆ ಕಂಪನಿಯ ಮುದ್ರೆ. ಕೆಳಗೆ ನನ್ನದೇ ವಾಕ್ಯಗಳು, ಒಂದಕ್ಷರ ಬದಲಾಗಿಲ್ಲ.

"ಯಾರ ಬರದಿದ್ದದು?" ಎಂದು ಮೇಡಂ ನನ್ನ ಮುಖ ನೋಡಿ ಕೇಳಿದರು.

"ನಾನರಿ" ಎಂದೆ.

"ಆ ಅಧ್ಯಾಯ ಎಷ್ಟ ಛಂದ ಹೇಳಿದ್ದಿ ಸುಜಾತಾ" ಎಂದರು ಮೇಡಂ. ಅಷ್ಟೇ. ಪುಸ್ತಕ ಮುಚ್ಚಿದರು. "ಅವರಿಗೆ ಮೊದಲ ತಾಟ ಹಾಕೂಣು, ಹೊತ್ತ ಮುಳಗಾಕ ಬಂತು" ಎಂದು ಒಳಗೆ ಹೋದರು.

ಊಟವಾದ ಮೇಲೆ ಜಗಲಿಯ ಮೇಲೆ ಕೂತು ಓದಿ ಹೇಳಿದೆ. ಎರಡನೆಯ ಸಾಲಿಗೇ ಇದು ತಮ್ಮದೇ ಕೈಯ ಲೆಕ್ಕವೆಂದು ಕಾಕಾನಿಗೆ ಗುರುತು ಹತ್ತಿತು. ಮುಗಿದ ಮೇಲೆ ಹಾಳೆಗಳನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿದರು.

"ಇಷ್ಟ ಏನ?"

"ಇಷ್ಟರಿ ಕಾಕಾ."

"ನಲವತ್ತ ಮಳಿಗಾಲ ಆತು" ಎಂದರು. ಆಮೇಲೆ, "ಇರಲಿ. ಹೇಳು, ಮೊದಲಿಂದ ಹೇಳು."

ನಾನು ಹೇಳಿಕೊಟ್ಟೆ. ಅವರು ನನ್ನ ಹಿಂದೆಯೇ ಹೇಳಿದರು. ಅಂಕಿ ನೆನಪಿರುತ್ತಿರಲಿಲ್ಲ. ಅಂಕಿ ಬರುವ ಕಡೆಯೆಲ್ಲ ಅವರ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಒಂದು ಕಡೆ ತಡೆದು, "ಇಲ್ಲೆ ತಪ್ಪೈತಿ ಪೋರಿ. ಪಡುವಣ ಗಾಳಿ ಬಿಟ್ಟಾಗ ಇಷ್ಟ ನೀರ ಜಾಸ್ತಿ ಆಗತೈತಿ" ಎಂದರು. ಅವರ ಮಾತು ಸರಿಯಿತ್ತು, ಗಾಳಿಯ ವಿಷಯ ನನ್ನ ಹಾಳೆಯಲ್ಲಿ ಬಿಟ್ಟುಹೋಗಿತ್ತು.

"ಇರಲಿರಿ ಕಾಕಾ" ಎಂದೆ. "ಗಾಳಿ ಮಾತ ತಗೀಬ್ಯಾಡ್ರಿ. ಹಾಳ್ಯಾಗ ಇಲ್ಲ. ಇದ್ದಂಗ ಹೇಳ್ರಿ, ಇಲ್ಲಾಂದ್ರ ಮತ್ತ ತಪ್ಪ ಅಂತಾರ."

"ಹೌದಲ್ಲಾ" ಎಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಎರಡು ಸಲ ತಪ್ಪಿದರು, ಎರಡು ಸಲವೂ ತಿದ್ದಿದೆ. ಮೂರನೆಯ ಸಲ ಎರಡೂ ಹಾಳೆಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿ, ಕಣ್ಣು ತೆರೆದು ನನ್ನ ಮುಖ ನೋಡಿದರು.

"ಈಗ ಬರೋಬ್ಬರಿ ಆತೇನ?"

"ಬರೋಬ್ಬರಿ ಆತ್ರಿ ಕಾಕಾ" ಎಂದೆ.